ನಾನು ಆರಿಸಿಕೊಟ್ಟ ಕ್ಯಾಮೆರಾ

ಧಾರವಾಡದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಸೀಮಂತದ ಕುಬಸ, ತೊಟ್ಟಿಲು, ಶಾಲೆಯ ಗ್ಯಾದರಿಂಗು, ಸಂಗೀತದ ಬೈಠಕ್ಕು ಎಂದು ಕರೆದಲ್ಲಿಗೆಲ್ಲ ಹೋಗಿ ಫೋಟೋ ತೆಗೆಯುತ್ತ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಈ ಕಸುಬಿಗೆ ಹೊಸದಾಗಿ ಬಂದವರು ಯಾವ ಕ್ಯಾಮೆರಾ ಕೊಳ್ಳಬೇಕೆಂದು ನನ್ನನ್ನು ಕೇಳುವುದು ರೂಢಿ. ನಾನೂ ಯಾರಿಗೂ ಇಲ್ಲವೆಂದವನಲ್ಲ. ಬಿಡುವಿದ್ದರೆ ಹುಬ್ಬಳ್ಳಿಯ ಅಂಗಡಿಯವರೆಗೂ ಜೊತೆಗೆ ಹೋಗಿ, ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು, ಕೈಯಲ್ಲಿ ಹಿಡಿದು ತಿರುವಿ ನೋಡಿ, ಇದು ತಗೊಳ್ಳಿ ಇದು ಬೇಡ ಎಂದು ಹೇಳಿ ಬರುತ್ತಿದ್ದೆ. ಹೀಗೆ ಎಷ್ಟು ಜನಕ್ಕೆ ಕ್ಯಾಮೆರಾ ಕೊಡಿಸಿದ್ದೇನೋ ನೆನಪಿಲ್ಲ. ಒಂದು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನು ಕೊಡಿಸುವಾಗ ನಾನು ಗೊತ್ತಿದ್ದೂ ತಪ್ಪು ಹೇಳಿದ್ದೆ.

ಅವಳು ಮೊದಲ ಸಲ ಸ್ಟುಡಿಯೋಕ್ಕೆ ಬಂದಾಗ ಅವಳಿಗೆ ಮೂವತ್ತೊಂದೋ ಮೂವತ್ತೆರಡೋ ವಯಸ್ಸು. ಅಮ್ಮಿನಬಾವಿಯವಳು. ಖಾಸಗಿ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಶಾಲೆಯವರು ಆ ವಿಷಯವನ್ನೇ ಕೈಬಿಟ್ಟಿದ್ದರಿಂದ ಕೆಲಸ ಹೋಗಿತ್ತು. ಅಪ್ಪ, ಅಣ್ಣ, ಅತ್ತಿಗೆ ಇರುವ ಮನೆ. ಕೈಯಲ್ಲಿ ತಾನು ಬಿಡಿಸಿದ ಚಿತ್ರಗಳ ಒಂದು ಫೈಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮ ಕಡೆ ಫೋಟೋ ಕೆಲಸ ಕಲೀಬೇಕಂತ ಬಂದೇನ್ರಿ ಅಣ್ಣಾರ. ಪಗಾರ ಈಗ ಬ್ಯಾಡ. ಮೊದಲ ಕಲಸ್ರಿ ಸಾಕು."

ಕಲಿಸಿದೆ. ಅವಳಿಗೆ ಸ್ವಂತ ಕ್ಯಾಮೆರಾ ಇರಲಿಲ್ಲವಾದ್ದರಿಂದ ನನ್ನ ಹಳೆಯದೊಂದನ್ನು ಕೊಟ್ಟು ಮದುವೆಗಳಿಗೆ ಕರೆದುಕೊಂಡು ಹೋಗತೊಡಗಿದೆ. ಬಳೆ ಇಡಿಸುವುದು, ಮೆಹಂದಿ, ಮದುಮಗಳ ಕೋಣೆ ಇವೆಲ್ಲ ಅವಳ ಪಾಲಿಗೆ. ನಾನು ಹೋಗಿ ನಿಂತರೆ ಸೆರಗು ಸರಿಮಾಡಿಕೊಂಡು ಮೂರ್ತಿಗಳಂತೆ ಕೂತುಬಿಡುವ ಹೆಂಗಸರು ಅವಳ ಮುಂದೆ ಸಲೀಸಾಗಿ ನಗುತ್ತಿದ್ದರು. ಊರಿಂದ ಬರುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ನನ್ನ ಹೆಂಡತಿಯ ಕೈಗೆ ಕೊಡುತ್ತಿದ್ದಳು. ಆರೇಳು ತಿಂಗಳಲ್ಲಿ ಅವಳು ನಮ್ಮ ಮನೆಯವಳೇ ಆಗಿಬಿಟ್ಟಿದ್ದಳು.

ಮದುವೆಯ ಫೋಟೋಕ್ಕೆ ಈಗ ಬೆಳಕಿನ ಚಿಂತೆ ಇಲ್ಲ. ಗಬ್ಬೂರಿನ ಬೈಪಾಸ್ ಕಡೆ ಎದ್ದಿರುವ ಹೊಸ ಕಲ್ಯಾಣಮಂಟಪಗಳಲ್ಲಿ ಸಂಜೆಯ ಆರತಕ್ಷತೆಗೂ ಕಣ್ಣು ಕುಕ್ಕುವಷ್ಟು ದೀಪ ಹಾಕಿರುತ್ತಾರೆ. ಕಷ್ಟವಿರುವುದು ನಮ್ಮೂರಿನ ಸಂಗೀತದ ಬೈಠಕ್ಕುಗಳಲ್ಲಿ. ನಾನು ಹೇಳುತ್ತಿರುವ ಸಭಾಂಗಣ ಹಳೆಯದು, ಹೆಂಚಿನ ಮಾಡಿನದು. ವೇದಿಕೆಯ ಮೇಲೆ ಎರಡು ಹಳದಿ ದೀಪ. ಹಾಡುವವರ ಮುಖದ ಒಂದು ಬದಿಗೆ ಬೆಳಕು ಬಿದ್ದರೆ ಇನ್ನೊಂದು ಬದಿ ಕಪ್ಪು. ಫ್ಲ್ಯಾಶ್ ಹೊಡೆದರೆ ಮುಂದಿನ ಸಾಲಿನ ಹಿರಿಯರೆಲ್ಲ ಒಟ್ಟಿಗೆ ತಿರುಗಿ ನೋಡುತ್ತಾರೆ. ಆ ನೋಟ ಒಮ್ಮೆ ತಿಂದವರು ಮತ್ತೆ ಫ್ಲ್ಯಾಶ್ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿ ಕ್ಯಾಮೆರಾವೇ ಗಟ್ಟಿ ಇರಬೇಕು. ಬೆಳಕು ಕಡಿಮೆಯಿದ್ದಾಗ ಐಎಸ್ಓ ಎಂಬ ಅಂಕಿಯನ್ನು ಏರಿಸಬೇಕಾಗುತ್ತದೆ. ಏರಿಸಿದಷ್ಟೂ ಫೋಟೋದ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಣಿಸುತ್ತದೆ. ಒಳಗೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿದ್ದ ಬಾಡಿಯಲ್ಲಿ ಈ ಕಾಳು ಕಡಿಮೆ. ಜೊತೆಗೆ ಅದು ಮಬ್ಬಿನಲ್ಲಿಯೂ ತಡವರಿಸದೆ ಫೋಕಸ್ ಹಿಡಿಯಬೇಕು. ಇವೆರಡು ಇದ್ದರೆ ಉಳಿದದ್ದೆಲ್ಲ ಆಮೇಲಿನ ಮಾತು.

ಒಂದು ಭಾನುವಾರ ನನಗೆ ಮದುವೆಯಿತ್ತು. ಅದೇ ಸಂಜೆ ಆ ಸಭಾಂಗಣದಲ್ಲಿ ಗಾಯನವೂ ಇತ್ತು. ಅವಳೊಬ್ಬಳನ್ನೇ ಕಳಿಸಿದೆ. ಮರುದಿನ ಅವಳು ತಂದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತ ಒಂದರ ಮುಂದೆ ನಿಂತುಬಿಟ್ಟೆ. ಮುದುಕ ತಬಲಜಿ ಹಾಡುವವರ ಮುಖವನ್ನೇ ನೋಡುತ್ತಿದ್ದಾರೆ. ಬಲಗೈ ತಬಲಾದ ಮೇಲೆ ಗಾಳಿಯಲ್ಲಿ ನಿಂತಿದೆ, ಇನ್ನೇನು ಬೀಳಬೇಕು. ಹಳದಿ ಬೆಳಕು ಆ ಕೈಯ ಬೆರಳುಗಳ ಮೇಲೆ ಮಾತ್ರ. ಅಂಥ ಫೋಟೋ ಇಷ್ಟು ವರ್ಷ ಅದೇ ವೇದಿಕೆಯ ಮುಂದೆ ಮಂಡಿಯೂರಿದ ನನ್ನ ಕೈಗೆ ಸಿಕ್ಕಿರಲಿಲ್ಲ.

"ಇದನ್ನ ಹೆಂಗ ತಗದಿ ಯವ್ವಾ?" ಎಂದೆ.

"ಕೈ ಬೀಳೂಕಿಂತ ಮೊದಲ ಒಂದ ಗಳಿಗಿ ಅವರು ಅಳ್ಳಾಡೂದಿಲ್ರಿ ಅಣ್ಣಾರ. ಅದನ್ನ ಕಾಯ್ಕೋತ ಕುಂತಿದ್ದೆ."

ನಾನು "ಛಲೋ ಬಂದೈತಿ" ಎಂದೆ. ಆಗ ಖುಷಿಯೇ ಆಗಿತ್ತು, ಸುಳ್ಳಲ್ಲ. ಕಹಿಯಾದದ್ದು ಮುಂದಿನ ವಾರ. ಆ ಗಾಯನ ಏರ್ಪಡಿಸಿದ್ದ ಸಂಗೀತ ಮಂಡಳಿಯ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಜ್ಯುಬಿಲಿ ಸರ್ಕಲ್ಲಿನಲ್ಲಿ ಸಿಕ್ಕರು. ಕೈ ಹಿಡಿದು ನಿಲ್ಲಿಸಿ ಹೇಳಿದರು.

"ಇನ್ನ ಮ್ಯಾಲೆ ಆ ತಂಗೀನ್ನ ಕಳಸ್ರಿ ನೀವು. ಆಕಿ ಬಂದದ್ದು ಹೋದದ್ದು ಗೊತ್ತಾಗಂಗಿಲ್ಲ. ನೀವು ಬಂದ್ರ ಒಂದ ಸಮನ ಅಡ್ಡಾಡ್ತೀರಿ ನೋಡ್ರಿ."

ಅವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅರ್ಧ ಊಟಕ್ಕೇ ಕೈ ತೊಳೆದೆ. ಹೆಂಡತಿ ಕೇಳಿದ್ದಕ್ಕೆ ತಲೆನೋವು ಎಂದೆ. ಮದುವೆಗಳು ನನ್ನ ಹೊಟ್ಟೆಪಾಡು. ಆದರೆ ನಾನು ಫೋಟೋಗ್ರಾಫರ್ ಎಂದು ನನಗೇ ಅನಿಸುತ್ತಿದ್ದುದು ಆ ಸಭಾಂಗಣದ ಮಬ್ಬಿನಲ್ಲಿ ಮಾತ್ರ. ಅದನ್ನು ಆರೇಳು ತಿಂಗಳ ಹಿಂದೆ ಬಂದವಳು ತೆಗೆದುಕೊಂಡು ಹೋಗುತ್ತಿದ್ದಾಳೆ ಅನ್ನಿಸಿತು.

ಹದಿನೈದು ದಿನವಾಗಿರಬೇಕು. ನಾನು ಕೊಟ್ಟಿದ್ದ ಹಳೆಯ ಕ್ಯಾಮೆರಾದ ಶಟರ್ ಸವೆದು ಆಗಾಗ ಸಿಕ್ಕಿಕೊಳ್ಳತೊಡಗಿತು. ಅವಳು ಬಂದು ಕೇಳಿದಳು.

"ನಂದ ಅಂತ ಒಂದು ತಗೋಬೇಕಂತ ಮಾಡೇನ್ರಿ. ಕತ್ತಲ್ಯಾಗ ಛಲೋ ಬರೂವಂಥಾದ್ದು. ನೀವು ಜೋಡಿ ಬಂದು ಆರಿಸಿಕೊಡ್ರಿ ಅಣ್ಣಾರ, ನನಗ ಅದೆಲ್ಲಾ ತಿಳಿಯಂಗಿಲ್ಲ."

ಚಿಗರಿ ಬಸ್ಸಿನಲ್ಲಿ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಮೊದಲು ಯಾರ ಫೋಟೋ ತೆಗೆಯುತ್ತೇನೆ, ಎಲ್ಲೆಲ್ಲಿ ಯಾವ ಬೈಠಕ್ಕಿದೆ, ಅಮ್ಮಿನಬಾವಿಯ ಭಜನೆಯವರನ್ನು ಕಂದೀಲಿನ ಬೆಳಕಿನಲ್ಲಿ ಹೇಗೆ ಕೂರಿಸಬೇಕು ಎಂದೆಲ್ಲ. ನಾನು ಹೂಂ ಹೂಂ ಎನ್ನುತ್ತಿದ್ದೆ.

ಅಂಗಡಿಯವನು ನನಗೆ ಪರಿಚಯದವನೇ. ಎರಡು ಬಾಡಿಗಳನ್ನು ತೆಗೆದು ಗಾಜಿನ ಮೇಲೆ ಇಟ್ಟ. ಒಂದು ಹೊಸದು. ಸಣ್ಣ ಸೆನ್ಸರಿನದು, ಆದರೆ ಮೆಗಾಪಿಕ್ಸೆಲ್ ಹೆಚ್ಚು, ವಿಡಿಯೋ ಚೆನ್ನಾಗಿ ಬರುವಂಥದ್ದು, ಡಬ್ಬಿ ಸಮೇತ ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಬೆಳಗಾವಿಯ ಯಾರೋ ಎರಡು ವರ್ಷ ಬಳಸಿ ಮಾರಿದ್ದು. ದೊಡ್ಡ ಸೆನ್ಸರ್. ಹಿಡಿಕೆಯ ರಬ್ಬರು ಒಂದು ಮೂಲೆಯಲ್ಲಿ ಎದ್ದಿತ್ತು, ಅಷ್ಟೆ. ಎರಡರ ಬೆಲೆಯಲ್ಲೂ ಅಂಥ ವ್ಯತ್ಯಾಸವಿರಲಿಲ್ಲ. ಅವಳು ಆಗಲೇ ಕೂಡಿಟ್ಟ ದುಡ್ಡಿನಲ್ಲಿ ಕೊಂಡಿದ್ದ ಒಂದು ಲೆನ್ಸ್ ಎರಡಕ್ಕೂ ಕೂರುತ್ತಿತ್ತು.

ಅಷ್ಟರಲ್ಲಿ ಅವಳಿಗೆ ಮನೆಯಿಂದ ಫೋನ್ ಬಂತು. ಅವಳ ಅಪ್ಪನಿಗೆ ಕೈ ನಡುಗುವ ರೋಗ. ಏಳೆಂಟು ವರ್ಷದಿಂದ ಇದೆ. ಆವತ್ತು ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿಕೊಂಡಿದ್ದರಂತೆ. ಅವಳು ಮಾತಾಡುತ್ತ ಅಂಗಡಿಯ ಹೊರಗೆ ಹೋದಳು.

ನನ್ನದೊಂದು ಪರೀಕ್ಷೆ ಇದೆ. ಕೌಂಟರಿನ ಕೆಳಗೆ, ಖಾಲಿ ಡಬ್ಬಿಗಳ ನಡುವಿನ ಕತ್ತಲೆಗೆ ಕ್ಯಾಮೆರಾ ಹಿಡಿದು ಅಲ್ಲಿ ಬಿದ್ದಿರುವ ಏನಾದರೊಂದರ ಮೇಲೆ ಫೋಕಸ್ ಮಾಡಿ ನೋಡುವುದು. ಮೊದಲು ಹೊಸದನ್ನು ಹಿಡಿದೆ. ಲೆನ್ಸ್ ಹಿಂದೆ ಮುಂದೆ, ಹಿಂದೆ ಮುಂದೆ ಓಡಾಡಿ ಕೊನೆಗೂ ಏನನ್ನೂ ಹಿಡಿಯದೆ ಸುಮ್ಮನಾಯಿತು. ಹಳೆಯದನ್ನು ಹಿಡಿದೆ. ಬೆರಳು ಒತ್ತುವಷ್ಟರಲ್ಲಿ ಹಿಡಿದುಬಿಟ್ಟಿತು. ಕ್ಲಿಕ್ಕಿಸಿ ನೋಡಿದರೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಕೂಡ ಓದಬಹುದಿತ್ತು. ಅಂಗಡಿಯವನು ನನ್ನ ಮುಖ ನೋಡಿ, "ಖರೇ ಹೇಳ್ತೇನ್ರಿ, ನಿಮಗ ಬೇಕಾದದ್ದು ಇದ ಐತಿ" ಎಂದ.

ಅವಳು ಒಳಗೆ ಬಂದಳು. ಕಣ್ಣು ಸ್ವಲ್ಪ ಕೆಂಪಾಗಿತ್ತು.

"ಯಾವದು ಅಣ್ಣಾರ?"

"ಹೊಸಾದು ತಗೋ," ಎಂದೆ. "ಬಳಸಿ ಬಿಟ್ಟದ್ದು ಯಾವಾಗ ಕೈ ಕೊಡ್ತೈತಿ ಹೇಳಾಕ ಬರಂಗಿಲ್ಲ. ಇದಕ್ಕ ವಾರಂಟಿ ಐತಿ. ವಿಡಿಯೋನೂ ಮಾಡಬಹುದು."

"ಕತ್ತಲ್ಯಾಗ?"

"ನಡೀತೈತಿ. ಐಎಸ್ಓ ಭಾಳ ಏರಸಬ್ಯಾಡ, ಕಾಳ ಬರ್ತಾವ. ಕೈ ಗಟ್ಟಿ ಹಿಡಿ, ಅಷ್ಟ."

ಅಂಗಡಿಯವನು ನನ್ನನ್ನೊಮ್ಮೆ ನೋಡಿದ. ಅವಳು ಹಳೆಯದನ್ನು ಕೈಗೆತ್ತಿಕೊಂಡು ನೋಡಲೂ ಇಲ್ಲ. "ನೀವು ಹೇಳಿದ್ದ ಆತ್ರಿ" ಎಂದು ಹೊಸದನ್ನು ಕಟ್ಟಿಸಿಕೊಂಡಳು. ವಾಪಸು ಬರುವಾಗ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು.

ಮೊದಲ ಎರಡು ದಿನ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ವಾರಂಟಿ ಇರುವುದು ನಿಜವಲ್ಲವೆ, ವಿಡಿಯೋ ಬೇಕಾಗುತ್ತದಲ್ಲವೆ ಎಂದು. ಏಳನೆಯ ದಿನ ಒಬ್ಬನೇ ಹುಬ್ಬಳ್ಳಿಗೆ ಹೋಗಿ ಬೆಳಗಾವಿಯವರ ಆ ಕ್ಯಾಮೆರಾ ಕೊಂಡು ತಂದೆ. ಅಂಗಡಿಯವನು ಬಿಲ್ಲು ಬರೆದ. ಮನೆಯಲ್ಲಿ ಚೀಲ ಬಿಚ್ಚಿದಾಗ ಹೆಂಡತಿ ನೋಡಿದಳು.

"ಆ ಹುಡಿಗಿಗೆ ಕೊಡಸಾಕ ಹೋಗಿ ನೀವ ತಗೊಂಡ ಬಂದ್ರ್ಯಾ?"

"ಆಕೀದು ಆಕಿ ತಗೊಂಡಾಳ. ಇದು ನಂದು."

"ಎರಡರಾಗ ಛಲೋದು ಯಾವದು?"

ನಾನು ಬ್ಯಾಟರಿ ಚಾರ್ಜಿಗೆ ಹಾಕಲು ಎದ್ದು ಹೋದೆ.

ಆಮೇಲೆ ಅದೇ ಹಳೆಯ ಸಭಾಂಗಣದಲ್ಲಿ ಬಂದದ್ದು, ಊರೆಲ್ಲ ಸಂಗೀತದ ಅಕ್ಕೋರು ಎಂದೇ ಕರೆಯುವ ಟೀಚರೊಬ್ಬರ ಬೈಠಕ್ಕು. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿದವರು. ಎಂಬತ್ತರ ಹತ್ತಿರದ ವಯಸ್ಸು. ದಮ್ಮಿನಿಂದಾಗಿ ಹಾಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಅವರ ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ, ಹತ್ತು ನಿಮಿಷವಾದರೂ ಸರಿ, ಒಮ್ಮೆ ಕೂತು ಹಾಡಿರಿ ಎಂದು ಒಪ್ಪಿಸಿದ್ದರು. ಕಣ್ಣಿನ ಆಪರೇಶನ್ ಆಗಿದ್ದರಿಂದ ಅವರಿಗೆ ಫ್ಲ್ಯಾಶ್ ಆಗುತ್ತಿರಲಿಲ್ಲ. ಅಕ್ಕೋರ ಮಗಳು ಫೋನ್ ಮಾಡಿದ್ದು ನನಗಲ್ಲ, ಅವಳಿಗೆ. ಅದು ಅವಳು ತನ್ನ ಹೆಸರಿನಲ್ಲಿ ಒಪ್ಪಿಕೊಂಡ ಮೊದಲ ಕೆಲಸ.

ಆ ಸಂಜೆ ನಾನು ತಾರಿಹಾಳದಲ್ಲಿದ್ದೆ. ಕಾರ್ಖಾನೆಯೊಂದರಲ್ಲಿ ಹೊಸ ಯಂತ್ರದ ಪೂಜೆ. ಸಾಲು ಸಾಲು ಟ್ಯೂಬಲೈಟಿನ ಕೆಳಗೆ, ಯಾವ ಮೊಬೈಲಿನಲ್ಲಾದರೂ ಚೆನ್ನಾಗಿ ಬರುತ್ತಿದ್ದ ಫೋಟೋಗಳನ್ನು ನಾನು ಕತ್ತಲೆಗೆಂದೇ ತಯಾರಾದ ಆ ಕ್ಯಾಮೆರಾದಿಂದ ತೆಗೆದೆ.

ಮರುದಿನ ಬೆಳಿಗ್ಗೆ ಸ್ಟುಡಿಯೋದ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿಸಿತು. ಟೇಬಲ್ಲಿನ ಮೇಲಿದ್ದ ಕ್ಯಾಮೆರಾವನ್ನು ತೆಗೆದು ಡ್ರಾದಲ್ಲಿ ಹಾಕಿ ಮುಚ್ಚಿದೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಅವಳು ಒಳಗೆ ಬಂದು, ಕುಳಿತುಕೊಳ್ಳದೆ, ಫೋಟೋಗಳಿದ್ದ ಮೆಮರಿ ಕಾರ್ಡು ಮುಂದೆ ಹಿಡಿದಳು.

"ಏನರ ಮಾಡಿ ಸರಿ ಮಾಡಾಕ ಬರ್ತೈತೇನ ನೋಡ್ರಿ ಅಣ್ಣಾರ."

ಒಂದೊಂದಾಗಿ ತೆಗೆದು ನೋಡಿದೆವು. ಕೆಲವದರಲ್ಲಿ ಅಕ್ಕೋರ ಮುಖ ಬಿಟ್ಟು ಹಿಂದಿನ ತಂಬೂರಿಯ ತಂತಿಗಳು ಸ್ಪಷ್ಟವಾಗಿದ್ದವು. ಕೆಲವದರಲ್ಲಿ ಕೊರಳ ಹಾರ. ಮುಖ ಫೋಕಸ್ಸಿನಲ್ಲಿದ್ದ ಕಡೆಯೆಲ್ಲ ಅಲುಗಾಡಿ ಕಣ್ಣು ಮೂಗು ಒಂದರೊಳಗೊಂದು ಕಲೆಸಿಹೋಗಿದ್ದವು. ಕಾಳು ಬರಬಾರದೆಂದು ನಾನು ಹೇಳಿದ ಹಾಗೆಯೇ ಅವಳು ಐಎಸ್ಓ ತಗ್ಗಿಸಿಕೊಂಡಿದ್ದಳು. ಆಗ ಶಟರ್ ಹೆಚ್ಚು ಹೊತ್ತು ತೆರೆದೇ ಇರುತ್ತದೆ. ಅಷ್ಟು ಹೊತ್ತು ಆ ಬಾಡಿಯನ್ನು ಯಾರ ಕೈಯೂ ಅಲುಗದೆ ಹಿಡಿಯಲಾರದು. ನನ್ನ ಕೈಯೂ.

"ಅಕ್ಕೋರು ಇಪ್ಪತ್ತು ನಿಮಿಷ ಹಾಡಿದ್ರು," ಎಂದಳು. "ಎಲ್ಲಾರೂ ಅತ್ರು. ನಾ ಒಬ್ಬಾಕಿ ಅಳಲಿಲ್ಲ, ಕೈ ಅಳ್ಳಾಡ್ತಾವ ಅಂತ. ಆದ್ರೂ ಅಳ್ಳಾಡ್ಯಾವ ನೋಡ್ರಿ. ನನ್ನ ಕೈಯಾಗ ಏನೋ ಐತಿ."

ಆಗ ಹೇಳಬಹುದಿತ್ತು. ಡ್ರಾ ನನ್ನ ಮೊಣಕಾಲಿಗೆ ತಾಗಿಯೇ ಇತ್ತು.

"ಬೆಳಕ ಇಲ್ದಲ್ಲೆ ಹಂಗ ಆಗ್ತೈತಿ," ಎಂದೆ. "ನಿನಗ ಇನ್ನೊಂದೀಟು ರೂಢಿ ಆಗಬೇಕು."

ಮಧ್ಯಾಹ್ನದವರೆಗೆ ಕೂತು ಹತ್ತೋ ಹನ್ನೊಂದೋ ಫೋಟೋಗಳನ್ನು ಹೇಗೋ ನೋಡುವ ಹಾಗೆ ಮಾಡಿದೆ. ಅವಳು ಪಕ್ಕದಲ್ಲಿ ನಿಂತು ಪ್ರತಿಯೊಂದಕ್ಕೂ "ನಿಮಗ ಭಾಳ ತ್ರಾಸ ಕೊಟ್ಟೆ" ಎನ್ನುತ್ತಿದ್ದಳು. ಪ್ರಿಂಟು ಹಾಕಿಸಿ ಅವಳೇ ಅಕ್ಕೋರ ಮನೆಗೆ ಒಯ್ದಳು. ಅಕ್ಕೋರು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿ, ಮಗಳನ್ನು "ಇದು ನಾನ ಏನು?" ಎಂದು ಕೇಳಿದರಂತೆ. ಅವಳ ಮೇಲೆ ಯಾರೂ ಸಿಟ್ಟಾಗಲಿಲ್ಲ. ಅದನ್ನು ಹೇಳುವಾಗಲೇ ಅವಳ ದನಿ ಸಣ್ಣದಾಯಿತು.

ಅಲ್ಲಿಂದ ಅವಳು ಬರುವುದು ಕಡಿಮೆಯಾಯಿತು. ಒಂದು ಮದುವೆಗೆ ಬಂದಳು, ಎರಡನೆಯದಕ್ಕೆ ಕರೆದರೆ "ಕೈ ಸರಿ ಇಲ್ರಿ ಅಣ್ಣಾರ, ಬ್ಯಾರೆ ಯಾರನರ ನೋಡ್ರಿ" ಎಂದಳು. ಸಂಗೀತ ಮಂಡಳಿಯವರು ಮತ್ತೆ ನನಗೇ ಫೋನ್ ಮಾಡಿದರು. ಹೋದೆ. ಹೊಸ ಕ್ಯಾಮೆರಾ, ಅಂದರೆ ಬೆಳಗಾವಿಯವರ ಕ್ಯಾಮೆರಾ, ನಾನಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಆ ಮಬ್ಬಿನಲ್ಲಿಯೂ ಸಾರಂಗಿಯವರ ಹಣೆಯ ಬೆವರಿನ ಹನಿ ಹನಿಯೂ ಬಂದಿತ್ತು. ಕಾರ್ಯದರ್ಶಿಗಳು ಫೋಟೋ ನೋಡಿ, "ವ್ಹಾ, ಏನ್ ಫೋಟೋರೀ ಇವು!" ಎಂದರು. ಅವರ ಮಾತು ಮುಗಿಯುವ ಮೊದಲೇ ಲಕೋಟೆ ಕೊಟ್ಟು ಹೊರಬಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅಮ್ಮಿನಬಾವಿಯ ಬಸ್ಸಿಗೆ ಕಾಯುತ್ತಿದ್ದಳು. ಸೊರಗಿಹೋಗಿದ್ದಳು. ಕೈಯಲ್ಲಿ ಫೈಲು. ಮೊದಲ ದಿನ ಬಂದಾಗಿನ ಚಿತ್ರಗಳ ಫೈಲಲ್ಲ, ಹುಬ್ಬಳ್ಳಿಯ ಆಸ್ಪತ್ರೆಯದು.

"ಅಪ್ಪಂದೇನು?" ಎಂದೆ.

"ಅಲ್ರಿ, ನಂದ."

ಅಷ್ಟು ಜನರ ನಡುವೆ ಅವಳು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಲಗೈ ಚಾಚಿದಳು. ಬೆರಳುಗಳನ್ನು ಅಗಲಿಸಿ, ನನ್ನ ಎದೆಯ ಮಟ್ಟಕ್ಕೆ ಹಿಡಿದಳು.

"ನೀವು ನೋಡ್ರಿ ಅಣ್ಣಾರ. ನಿಮ್ಮ ಕಣ್ಣಿಗೆ ತಿಳೀತೈತಿ. ನಡಗಾಕತ್ತಾವೇನು?"

ಬಿಸಿಲು ಸುಡುತ್ತಿತ್ತು. ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ.

"ಇಲ್ಲ," ಎಂದೆ.

"ಡಾಕ್ಟರೂ ಇಲ್ಲ ಅಂದ್ರು. ನನಗ ನಂಬಿಕಿ ಬರವಲ್ದು. ಅಪ್ಪಗೂ ಮೊದಮೊದಲ ಹಿಂಗ ಇತ್ತಂತ, ಹೊರಗ ಕಾಣ್ತಿದ್ದಿಲ್ಲಂತ. ಫೋಟೋದಾಗ ಕಾಣ್ತೈತಲ್ರಿ. ಫೋಟೋ ಸುಳ್ಳ ಹೇಳ್ತಾವೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು ಎಂದು ಬರೆಯಬಹುದು. ಹಾಗಾಗಲಿಲ್ಲ. ಬಸ್ಸು ಬರಲು ಹತ್ತು ನಿಮಿಷವಾದರೂ ಹಿಡಿಯಿತು. ಆ ಹತ್ತು ನಿಮಿಷ ನಾನು ಅವಳಿಗೆ ನಿದ್ದೆಯ ಬಗ್ಗೆ, ಊಟದ ಬಗ್ಗೆ ಬುದ್ಧಿ ಹೇಳಿದೆ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅಂಗಡಿಯ ಕೌಂಟರಿನಿಂದ ಹಿಡಿದು ಬಸ್ ಸ್ಟ್ಯಾಂಡಿನವರೆಗೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟಳು.

"ಆ ಹುಡಿಗಿ ತಂದ ರೊಟ್ಟಿ ತಿಂದೇವಿ ನಾವು," ಎಂದಳು. ಎರಡು ದಿನ ಊಟದ ತಾಟು ನನ್ನ ಮುಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ಮೂರನೆಯ ದಿನ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಅಮ್ಮಿನಬಾವಿಗೆ ಹೋದೆ. ಅವಳ ಮನೆಯ ಪಡಸಾಲೆಯಲ್ಲಿ ಅಪ್ಪ ಕುರ್ಚಿಯ ಮೇಲೆ ಕೂತಿದ್ದರು. ಅವಳು ಮುಂದೆ ಕುಕ್ಕರಗಾಲಲ್ಲಿ ಕೂತು ಚಹಾದ ಕಪ್ಪನ್ನು ಅವರ ತುಟಿಗೆ ಹಿಡಿದಿದ್ದಳು. ಅಪ್ಪನ ಎರಡೂ ಕೈ ತೊಡೆಯ ಮೇಲೆ ಬಡಿದಾಡುತ್ತಿದ್ದವು. ಕಪ್ಪು ಹಿಡಿದ ಅವಳ ಕೈ ನೆಟ್ಟಗಿತ್ತು. ಅದು ಅವಳಿಗೆ ಕಾಣುತ್ತಿರಲಿಲ್ಲ.

"ಬರ್ರಿ ಅಣ್ಣಾರ, ಏನ್ ಹಿಂಗ ಅಚಾನಕ?" ಎಂದು ಎದ್ದಳು. ಚಹಾ ಬೇಡವೆಂದೆ. ಹಿತ್ತಿಲ ಕಡೆಯ ಕಟ್ಟೆಗೆ ಹೋಗಿ ಕೂತೆವು. ಚೀಲ ಬಿಚ್ಚಿ ಕ್ಯಾಮೆರಾ ನಡುವೆ ಇಟ್ಟೆ. ಅವಳಿಗೆ ಮೊದಲು ಗುರುತು ಸಿಗಲಿಲ್ಲ. ಎದ್ದ ರಬ್ಬರಿನ ಮೂಲೆ ನೋಡಿ ಹುಬ್ಬು ಗಂಟಿಕ್ಕಿದಳು.

"ಇದು ಅವತ್ತ ಅಂಗಡ್ಯಾಗಿತ್ತಲ್ರಿ?"

"ಹೌದು. ಒಂದ ವಾರಕ್ಕ ನಾ ತಗೊಂಡೆ."

"ಬಳಸಿದ್ದು ಕೈ ಕೊಡ್ತೈತಿ ಅಂದಿದ್ರಿ."

"ಸುಳ್ಳ ಹೇಳಿದ್ದೆ ಯವ್ವಾ."

ಅವಳು ಕ್ಯಾಮೆರಾವನ್ನೇ ನೋಡುತ್ತಿದ್ದಳು. ನಾನು ಹೇಳುತ್ತ ಹೋದೆ. ಕೌಂಟರಿನ ಕೆಳಗೆ ಹಿಡಿದು ನೋಡಿದ್ದು, ಹೊಸದು ಕತ್ತಲಲ್ಲಿ ತಡವರಿಸಿದ್ದು, ಐಎಸ್ಓ ಏರಿಸಬೇಡ ಎಂದು ನಾನು ಕೊಟ್ಟ ಬುದ್ಧಿ, ಅದರಿಂದಲೇ ಫೋಟೋ ಅಲುಗಿದ್ದು. ಆ ಫೋಟೋದಲ್ಲಿ ನಡುಗಿದ್ದು ನಿನ್ನ ಕೈಯಲ್ಲ ಎಂದೆ. ಅವಳು ಒಂದೇ ಮಾತು ಕೇಳಿದಳು.

"ಕಾರ್ಡ ತಗೊಂಡು ಬಂದಿದ್ನಲ್ಲಾ, ಅವತ್ತ ಇದು ಎಲ್ಲಿತ್ತು?"

"ಡ್ರಾದಾಗ. ನೀ ಮೆಟ್ಟಲಾ ಹತ್ತೂದು ಕೇಳಿ ಒಳಗ ಇಟ್ಟಿದ್ದೆ."

ಸಿಟ್ಟಾಗುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅವಳು ತನ್ನೆರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಅಂಗೈ, ಒಮ್ಮೆ ಮುಂಗೈ ತಿರುವಿ ನೋಡಿದಳು.

"ಮೂರು ತಿಂಗಳು ನಾ ಅಪ್ಪನ ಮಾರಿ ನೋಡಿ ಊಟ ಮಾಡಿಲ್ಲ," ಎಂದಳು. "ಮುಂದ ನಾನೂ ಹಿಂಗ ಕುಂದರತೇನಿ, ನನಗ ಕಪ್ಪು ಹಿಡಿಯವರು ಯಾರು ಅಂತ. ಒಂದ ಸಂಬಂಧ ಬಂದಿತ್ತು. ಬ್ಯಾಡ ಅಂತ ಹೇಳಿ ಕಳಿಸಿದೆ, ಇನ್ನೊಬ್ಬರ ಮನಿ ಯಾಕ ಕೆಡಸೂದಂತ."

ಆ ಸಂಬಂಧದ ಮಾತು ನನಗೆ ಗೊತ್ತಿರಲಿಲ್ಲ. ಕ್ಯಾಮೆರಾ ಕೊಟ್ಟುಬಿಟ್ಟರೆ ಮುಗಿಯಿತು ಎಂದು ಲೆಕ್ಕ ಹಾಕಿಕೊಂಡು ಬಂದವನು ನಾನು.

"ಇದನ್ನ ನೀ ಇಟ್ಕೋ," ಎಂದೆ. "ನಿಂದ ಇದು."

"ಪುಕ್ಕಟ ಬ್ಯಾಡ." ಎದ್ದು ಒಳಗೆ ಹೋದಳು. ತನ್ನ ಕ್ಯಾಮೆರಾವನ್ನು ಅದರ ಡಬ್ಬಿ, ವಾರಂಟಿ ಕಾಗದ ಸಮೇತ ತಂದು ನನ್ನ ಮುಂದಿಟ್ಟಳು. "ಅದಲಿ ಬದಲಿ ಮಾಡೂಣು. ಇದಕ್ಕ ಹಾಕಿದ ಲೆನ್ಸ್ ನಂದು, ಬಿಚ್ಕೋತೇನಿ."

ಲೆನ್ಸ್ ಬಿಚ್ಚಿ ದೊಡ್ಡ ಬಾಡಿಗೆ ಕೂರಿಸಿ, ಕಣ್ಣಿಗೆ ಹಿಡಿದು, ಮನೆಯ ಒಳಗಿನ ಕತ್ತಲೆಯ ಕಡೆ ತಿರುಗಿಸಿದಳು. ಕ್ಲಿಕ್ ಎಂದಿತು. ಏನು ಬಂತೆಂದು ನನಗೆ ತೋರಿಸಲಿಲ್ಲ. ನಾನು ಹೊರಡಲು ಎದ್ದಾಗ ಬಾಗಿಲವರೆಗೆ ಬಂದಳು.

"ಹೋಗಿ ಬರ್ರಿ, ಸರ್."

ಅಂದಿನಿಂದ ನಾನು ಅವಳಿಗೆ ಅಣ್ಣ ಅಲ್ಲ.

ಅಕ್ಕೋರ ಮನೆಗೂ ಹೋಗಬೇಕೆನಿಸಿತು. ಮರುದಿನವೇ ಹೋದೆ. ಅವರು ಜೋಕಾಲಿಯ ಮೇಲೆ ಕೂತಿದ್ದರು. ಮಾತಾಡಿದರೆ ಉಸಿರು ಸಾಲುತ್ತಿರಲಿಲ್ಲ. ನಿಮ್ಮ ಫೋಟೋ ಕೆಟ್ಟದ್ದು ಆ ಹುಡುಗಿಯಿಂದಲ್ಲ, ನನ್ನಿಂದ ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೇನೋ ಅಂದುಕೊಂಡೆ.

"ನನ್ನ ಫೋಟೋ ಹೋಗ್ಲಿ ಬಿಡ್ರಿ," ಎಂದರು. "ಆಕಿಗೆ ಹೇಳಿರೇನು?"

"ಹೇಳೇನ್ರಿ."

"ಏನಂದ್ಲು?"

"ಸರ್ ಅಂದ್ಲ್ರಿ."

ಅಕ್ಕೋರು ಕಣ್ಣು ತೆರೆದು ನನ್ನನ್ನು ನೋಡಿದರು. ಆ ಮಾತಿನ ಅರ್ಥ ಅವರಿಗೆ ತಿಳಿಯಿತು ಅನ್ನಿಸುತ್ತದೆ. "ಆಕೀನ್ನ ಒಮ್ಮೆ ಕಳಿಸಿಕೊಡ್ರಿ. ಹಾಡೂದಂತೂ ಇನ್ನ ಆಗೂದಿಲ್ಲ. ತಂಬೂರಿ ಹಿಡಕೊಂಡು ಕೂಡ್ಲಿಕ್ಕೆ ಬರ್ತದ" ಎಂದರು.

ಸುದ್ದಿಯನ್ನು ಫೋನಿನಲ್ಲಿ ತಿಳಿಸಿದೆ. ಅವಳು ಹೋದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ, ಬೇರೆ ಬೆಳಕಿಲ್ಲದೆ ತೆಗೆದಳಂತೆ. ದೊಡ್ಡದು ಮಾಡಿಸಿ ಅಕ್ಕೋರ ಪಡಸಾಲೆಯಲ್ಲಿ ಹಾಕಿದ್ದಾರೆ ಎಂದು ಕೇಳಿದ್ದೇನೆ. ನೋಡಲು ನಾನು ಹೋಗಿಲ್ಲ. ಹೋದರೆ ಯಾರೂ ಬೇಡವೆನ್ನುವುದಿಲ್ಲ. ಆದರೂ ಹೋಗಿಲ್ಲ.

ಈಗ ಅವಳು ಹುಬ್ಬಳ್ಳಿ ಧಾರವಾಡ ಎರಡೂ ಕಡೆ ಬೈಠಕ್ಕುಗಳಿಗೆ ಹೋಗುತ್ತಾಳೆ. ಸಂಗೀತ ಮಂಡಳಿಯವರು ನನಗೆ ಫೋನ್ ಮಾಡುವುದಿಲ್ಲ, ಮಾಡಬೇಕಾದ್ದೂ ಇಲ್ಲ. ಅವಳಿಂದ ಪಡೆದ ಬಾಡಿ ನನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ, ಶಾಲೆಗಳ ಗ್ರೂಪ್ ಫೋಟೋಕ್ಕೆ ಬಳಕೆಯಾಗುತ್ತಿದೆ. ಬೆಳಕಿದ್ದಲ್ಲಿ ಒಳ್ಳೆಯ ಕ್ಯಾಮೆರಾ ಅದು. ಆ ಹಳೆಯ ಸಂಬಂಧದವರಿಗೆ ಅವಳು ಮತ್ತೆ ಹೇಳಿ ಕಳಿಸಿದಳೋ ಇಲ್ಲವೋ ತಿಳಿಯದು. ಕೇಳುವ ಮುಖ ನನಗಿಲ್ಲ.

ಕಳೆದ ತಿಂಗಳು ಆ ಸಭಾಂಗಣಕ್ಕೆ ಹಾಡು ಕೇಳಲೆಂದು ಹೋಗಿದ್ದೆ, ಬರಿಗೈಯಲ್ಲಿ. ಹೆಂಡತಿಯೂ ಇದ್ದಳು. ವೇದಿಕೆಯ ಎಡಬದಿಯ ಕಂಬಕ್ಕೆ ಆತುಕೊಂಡು, ಕ್ಯಾಮೆರಾ ಮಡಿಲಲ್ಲಿಟ್ಟು, ಅವಳು ನೆಲದ ಮೇಲೆ ಕೂತಿದ್ದಳು. ಅರ್ಧ ತಾಸಿನಲ್ಲಿ ನಾಲ್ಕೈದು ಸಲ ಕ್ಯಾಮೆರಾ ಎತ್ತಿರಬಹುದು. ಮಧ್ಯಂತರದಲ್ಲಿ ಚಹಾ ಕೊಡುವಲ್ಲಿ ಎದುರಾದಳು. ಹೆಂಡತಿಯ ಕೈ ಹಿಡಿದುಕೊಂಡು ಮಾತಾಡಿದಳು, ನನಗೆ "ನಮಸ್ಕಾರ್ರಿ ಸರ್" ಎಂದಳು. ಅಷ್ಟರಲ್ಲಿ ಕಾರ್ಯದರ್ಶಿಗಳು ಪುಣೆಯಿಂದ ಬಂದಿದ್ದ ಅತಿಥಿಯೊಬ್ಬರನ್ನು ಕರೆತಂದು ಪರಿಚಯ ಮಾಡಿಸಿದರು.

"ನಮ್ಮ ಫೋಟೋದಾಕಿ ಇಕಿನ. ಎಲ್ಲಾ ಇವರ ಕಡೆ ಕಲ್ತಾಳ್ರಿ," ಎಂದು ನನ್ನ ಬೆನ್ನು ತಟ್ಟಿದರು.

ನಾನು ಅಲ್ಲವೆನ್ನಲು ಬಾಯಿ ತೆರೆದೆ. ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು.

"ಹೌದ್ರಿ," ಎಂದಳು ಅತಿಥಿಗೆ. "ಇವರ ಕಡೆನ ಕಲ್ತೇನಿ."

ತಂಬೂರಿ ಶ್ರುತಿ ಮಾಡುವ ಸದ್ದು ಒಳಗಿನಿಂದ ಬಂತು. ಅವಳು ಕಪ್ಪು ಕೆಳಗಿಟ್ಟು ಕಂಬದ ಹತ್ತಿರ ಹೋಗಿ ಕೂತಳು. ಹೆಂಡತಿ ಒ‍ಳಗೆ ನಡೆಯಿರಿ ಎಂದಳು. ನಾನು ಹೆಂಡತಿಯನ್ನು ಕೂರಿಸಿ, ಹೊರಗೆ ಬಂದು, ಚಪ್ಪಲಿಗಳ ರಾಶಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಉಳಿದ ಹಾಡು ಕೇಳಿದೆ.